ಪೆಟ್ಟಿಗೆ ನೆರಿಗೆ

ಗಿಬ್ ಮೇರ್‌ಗೆ ಸ್ವಂತದ್ದೊಂದು ಕಿಲ್ಟ್ ಹೊಲಿಸಿಕೊಳ್ಳುವ ಯೋಗ ಬಂದದ್ದು ಅರವತ್ತು ದಾಟಿದ ಮೇಲೆ. ಕಿಲ್ಟ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ಮದುವೆ, ಹಬ್ಬಗಳಲ್ಲಿ ಸೊಂಟಕ್ಕೆ ಸುತ್ತಿ ಉಡುವ, ಹಿಂದೆ ನೆರಿಗೆಯಿರುವ ಚೌಕುಳಿ ಉಣ್ಣೆ ಲಂಗ. ಪೋರ್ಟ್‌ಸಾಯ್ ಬಂದರಿನಲ್ಲಿ ದೋಣಿಗಳ ಇಂಜಿನ್ನಿನ ಹೊಟ್ಟೆಯೊಳಗೆ ಕೈಯಿಟ್ಟುಕೊಂಡೇ ಆಯುಷ್ಯ ಕಳೆದವನು ಅವನು. ತನ್ನ ಮದುವೆಗೆ ಬಾಡಿಗೆ ಕಿಲ್ಟು, ತಮ್ಮನ ಮದುವೆಗೆ ಬಾಡಿಗೆ ಕಿಲ್ಟು, ಹೊಸ ವರ್ಷದ ಕುಣಿತಕ್ಕೆ ಯಾರದೋ ಎರವಲು. "ಕಿಲ್ಟಿನ ಅಂದವೆಲ್ಲ ಹಿಂಭಾಗದ ನೆರಿಗೇಲಿ. ಅದು ನನಗೆ ಕಾಣಲ್ಲ. ಕಾಣೋರು ದುಡ್ಡು ಕೊಡಲಿ" ಎಂದು ಜನರನ್ನು ನಗಿಸುತ್ತಿದ್ದ. ಒಬ್ಬಳೇ ಮಗಳು ರೋನಾಳ ಮದುವೆ ಮೇ ತಿಂಗಳಿಗೆ ಗೊತ್ತಾದಾಗ ಮಾತ್ರ, "ಈ ಸಲ ನನ್ನದೇ ಇರಲಿ" ಎಂದ. ಶರತ್ಕಾಲದಲ್ಲಿ ಬಟ್ಟೆ ನೇಯಲು ಹೇಳಿ ಬಂದರು. ಆಮೇಲೆ ಕೆಮ್ಮು ಶುರುವಾಯಿತು. ಬಟ್ಟೆ ಕೈಗೆ ಬರುವಷ್ಟರಲ್ಲಿ ಕೆಮ್ಮಿಗೆ ಹೆಸರೂ ಬಂದಿತ್ತು.

ಅಬರ್ಡೀನಿನ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ಶ್ವಾಸಕೋಶದಿಂದ ಮೂಳೆಗೆ ಇಳಿದಿದೆ, ವಸಂತದವರೆಗೆ ಇದ್ದರೆ ಇರಬಹುದು ಎಂದರು. ಅವರ ಲೆಕ್ಕದಲ್ಲಿ ವಸಂತ ಅಂದರೆ ಮಾರ್ಚ್. ಗಿಬ್‌ನ ಹೆಂಡತಿ ನೆಟ್ಟಾಳ ಲೆಕ್ಕದಲ್ಲಿ ಮೇ. ಮಾರ್ಚಿನಲ್ಲಿ ಆ ಕರಾವಳಿಯಲ್ಲಿ ಹಗ್ಗದ ಮೇಲೆ ಹಾಕಿದ ಅಂಗಿ ಸೆಟೆದು ನಿಲ್ಲುತ್ತದೆಯೇ ಹೊರತು ಒಣಗುವುದಿಲ್ಲ. ಅದನ್ನು ಯಾವ ಬುದ್ಧಿಯಿದ್ದವರು ವಸಂತ ಎಂದಾರು? ಗಿಬ್ ಮೇ ತಿಂಗಳಲ್ಲಿ ಮಗಳಿಗೆ ತೋಳು ಕೊಟ್ಟು ಚರ್ಚಿನ ನಡುದಾರಿಯಲ್ಲಿ ನಡೆಯುತ್ತಾನೆ. ನಡೆದೇ ನಡೆಯುತ್ತಾನೆ. ನೆಟ್ಟಾ ಹಿಡಿದಳೆಂದರೆ ಉಡದ ಪಟ್ಟು. ಅವಳನ್ನು ಬೈಯುವುದು ಸುಲಭ, ಆದರೆ ಬೈಯುವವರು ಅವಳ ಜಾಗದಲ್ಲಿ ಒಂದು ದಿನ ನಿಂತು ನೋಡಲಿ.

ಜನವರಿಯಲ್ಲಿ ಗಂಡನನ್ನು ಕಾರಿನಲ್ಲಿ ಕೂರಿಸಿಕೊಂಡು ನೆಟ್ಟಾ ಬೆಲ್ಲಾ ಸ್ಲೇಟರ್‌ಳ ಅಂಗಡಿಗೆ ಹೋದಳು. ಬೆಲ್ಲಾ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಈಗ ಊರಿಗೆಲ್ಲ ಕಿಲ್ಟ್ ಹೊಲಿಯುವವಳು. ಕಿಲ್ಟಿಗೆ ಅಳತೆಗಿಂತ ಮೊದಲು ತೀರ್ಮಾನವಾಗಬೇಕಾದ್ದು ನೆರಿಗೆ. ಬೆಲ್ಲಾ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದಳು. ಕಡು ಹಸಿರು, ಕಡು ನೀಲಿ, ನಡುವೆ ನೂಲಿನಷ್ಟು ತೆಳ್ಳಗೆ ಹಳದಿ ಗೆರೆ.

"ನೋಡು ಗಿಬ್, ಇದು ಚೌಕುಳಿ ನೆರಿಗೆ" ಎಂದು ಬೆಲ್ಲಾ ಚಕಚಕನೆ ಮಡಚಿ ಗುಂಡುಪಿನ್ನು ಚುಚ್ಚಿದಳು. "ಎಂಟು ಗಜಾನೂ ಮಡಚ್ತೀನಿ. ಆದ್ರೆ ಮಡಚಿದೀನಿ ಅಂತ ಯಾರಿಗೂ ಗೊತ್ತಾಗಲ್ಲ. ಮುಂದೆ ಇರೋ ಚೌಕುಳೀನೇ ಹಿಂದೆನೂ ಹಾಗ್ಹಾಗೇ ಕೂಡ್ಕೊಳ್ಳುತ್ತೆ." ಅದನ್ನು ಬಿಚ್ಚಿ ಇನ್ನೊಂದು ಮಡಚಿದಳು. "ಇದು ಗೆರೆ ನೆರಿಗೆ. ಪ್ರತಿ ಮಡಿಕೆ ಮೇಲೂ ಈ ಹಳದಿ ಗೆರೆ ಒಂದೇ. ಸಿಪಾಯಿಗಳು, ಬ್ಯಾಂಡಿನವರು ಹಾಕ್ತಾರಲ್ಲ, ಅದು."

"ನಾನ್ಯಾವ ಯುದ್ಧ ಮಾಡಿದೀನಿ ಮಾರಾಯ್ತಿ?"

"ನೆಟ್ಟಾನ ಕಟ್ಕೊಂಡು ಇಷ್ಟು ವರ್ಷ ಬಾಳಿದೀಯಲ್ಲ. ಪದಕ ಒಂದು ಬಾಕಿ ಅಷ್ಟೆ."

ಗಿಬ್ ನಕ್ಕ. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲುವವರೆಗೆ ಇಬ್ಬರು ಹೆಂಗಸರೂ ಬಟ್ಟೆಯನ್ನೇ ನೋಡುತ್ತ ನಿಂತರು.

"ಚೌಕುಳೀನೇ" ಎಂದಳು ನೆಟ್ಟಾ. "ಅದ್ರಲ್ಲಿ ಯೋಚ್ನೆ ಮಾಡೋದೇನಿದೆ? ಅಪ್ಪ ಮಗಳು ಒಳಗೆ ಬಂದು ಮುಂದೆ ಹೋಗ್ತಿದ್ದ ಹಾಗೆ ಚರ್ಚಲ್ಲಿ ಕೂತಿರೋರಿಗೆಲ್ಲ ಕಾಣೋದು ಇವನ ಬೆನ್ನೇ. ನಡೆದ್ರೆ ಎಂಟು ಗಜದ ನೆರಿಗೆ ತೂಗೋದು ನೋಡ್ಬೇಕು ಜನ."

ಬೆಲ್ಲಾ ಗಿಬ್ ಕೂತಿದ್ದ ರೀತಿಯನ್ನು ನೋಡುತ್ತಿದ್ದಳು. ಕುರ್ಚಿಯ ಅಂಚಿನಲ್ಲಿ, ಒಂದೇ ಮಗ್ಗುಲಿಗೆ ಭಾರ ಹಾಕಿ, ಕೂತ ಜಾಗವೇ ಕಚ್ಚುತ್ತದೆಯೇನೋ ಎಂಬಂತೆ ಕೂತಿದ್ದ. "ಇನ್ನೊಂದಿದೆ" ಎಂದಳು ಮೆಲ್ಲಗೆ. "ಹಳೇ ಕಾಲದ್ದು. ಅಗಲ ಮಡಿಕೆ, ನಾಲ್ಕೇ ಗಜ. ಹಗುರ ಇರುತ್ತೆ, ಚಪ್ಪಟೆ ಕೂರುತ್ತೆ, ಬೇಗಾನೂ ಆಗುತ್ತೆ. ಪೆಟ್ಟಿಗೆ ನೆರಿಗೆ ಅಂತ."

ಮಾತು ಬಾಯಿಂದ ಜಾರಿದ ಮೇಲೆ ಬೆಲ್ಲಾಳಿಗೂ ಅದು ಕೇಳಿಸಿತು. ಆ ಊರಿನಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವ ಶವಪೆಟ್ಟಿಗೆಗೂ ಬರೀ ಪೆಟ್ಟಿಗೆ ಎಂದೇ ಹೆಸರು. ಡಾಕ್ಟರ ಬಳಿಯಿಂದ ಬಂದ ದಿನದಿಂದ ಮೇರ್ ಮನೆಯಲ್ಲಿ ಆ ಶಬ್ದ ಯಾರ ಬಾಯಲ್ಲೂ ಬಂದಿರಲಿಲ್ಲ. ನೆಟ್ಟಾ ಬೂಟಿನ ಪೆಟ್ಟಿಗೆಯನ್ನೂ ಡಬ್ಬಿ ಎನ್ನುತ್ತಿದ್ದಳು.

"ನಮಗೆ ಅದೆಲ್ಲ ಬೇಡ ಬೆಲ್ಲಾ" ಎಂದಳು ನೆಟ್ಟಾ. ಮುಖ ಕೆಂಪಾಗಿತ್ತು. "ನಡೆಯೋ ಗಂಡಸಿಗೆ ಎಂಟು ಗಜ. ಮಲಗೋರಿಗೆ ಬೇಕಾದ್ರೆ ಹೊಲಿ ಅದನ್ನ."

"ನೋಡೋಣ ಇರೇ" ಎಂದ ಗಿಬ್. ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜುತ್ತಿದ್ದ. "ನಾನು ಯೋಚ್ನೆ ಮಾಡಿ ಫೋನ್ ಮಾಡ್ತೀನಿ ಬೆಲ್ಲಾ. ಕಿಲ್ಟು ನಂದು ತಾನೇ?"

ಮುಂದಿನ ಭಾನುವಾರ, ಕಾರಿನಲ್ಲಿ ಮೂರು ಗಂಟೆ ದಾರಿಯ ಪರ್ತ್‌ನಿಂದ ರೋನಾ ಫೋನ್ ಮಾಡಿದಳು. ಗಿಬ್ ಒಳಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದ. ನೆಟ್ಟಾ ಅಡುಗೆಮನೆಯಲ್ಲಿ ಬಾರ್ಲಿ ಸಾರು ಕಲಕುತ್ತಿದ್ದಳು. ನಡುವಿನ ಬಾಗಿಲು ಮುಚ್ಚಿರಲಿಲ್ಲ.

"ಅಮ್ಮಾ, ಬೈಬೇಡ. ಮದುವೆ ಮೇ ತನಕ ಯಾಕೆ ಕಾಯೋದು? ಮುಂದಿನ ತಿಂಗಳೇ ಮಾಡ್ಕೊಂಡ್ಬಿಡ್ತೀವಿ. ಅಲ್ಲೇ, ನಮ್ಮನೇಲೇ. ಪಾದ್ರಿ ಮನೆಗೇ ಬರ್ತಾರಂತೆ, ಕೇಳಿದೀನಿ. ಅಪ್ಪ ಕುರ್ಚೀಲಿ ಕೂತಿದ್ರೂ ಸಾಕು ನನಗೆ."

"ಮುಂದಿನ ತಿಂಗಳಾ? ಮನೇಲಿ, ಅಪ್ಪನ್ನ ಕುರ್ಚೀಲಿ ಕೂರಿಸಿ ಮದುವೇನಾ? ಯಾಕೆ, ಏನಾಗಿದೆ ನಿಮ್ಮಪ್ಪನಿಗೆ?" ನೆಟ್ಟಾ ಸೌಟನ್ನು ಕೆಳಗಿಟ್ಟಳು. "ಅವನ ಕಿವಿಗೆ ಬಿದ್ರೆ ಏನಂದ್ಕೋತಾನೆ ಹೇಳು? ಓಹೋ, ಇವ್ರು ನನ್ನ ಲೆಕ್ಕ ಮುಗಿಸಿದ್ರು ಅಂತ ತಾನೇ? ಅವನ ಧೈರ್ಯ ಇರೋದೇ ಆ ಮೇ ತಿಂಗಳ ಮೇಲೆ."

"ಅವನ ಧೈರ್ಯಾನೋ ನಿಂದೋ ಅಮ್ಮಾ?"

"ತಲೆಹರಟೆ ಮಾಡ್ಬೇಡ. ಚರ್ಚಲ್ಲಿ, ಎಲ್ಲರ ಎದುರಿಗೆ, ಅಪ್ಪನ ತೋಳು ಹಿಡ್ಕೊಂಡು. ಮುಗೀತು."

ರೋನಾ ಅಮ್ಮನನ್ನು ಬಲ್ಲವಳು. ಸ್ವಲ್ಪ ಅತ್ತಳು, ಆಮೇಲೆ ಹವಾಮಾನದ ಮಾತಾಡಿ ಫೋನಿಟ್ಟಳು. ನೆಟ್ಟಾ ಸಾರಿನ ಬಟ್ಟಲು ಹಿಡಿದು ಒಳಗೆ ಹೋದಾಗ ಗಿಬ್ ಪೇಪರಿನ ಹಿಂದೆಯೇ ಇದ್ದ.

"ಯಾರದು ಫೋನು?"

"ರೋನಾ. ಸುಮ್ನೆ."

"ಸುಮ್ನೆನಾ" ಎಂದ ಗಿಬ್. ಬಟ್ಟಲು ಇಸಿದುಕೊಂಡು ಎರಡು ಚಮಚ ಕುಡಿದ. ಮತ್ತೆ ಪೇಪರ್ ಎತ್ತಿಕೊಂಡ. ಗಂಡ ಹೆಂಡತಿ ಒಬ್ಬರಿಗೊಬ್ಬರು ನೋವಾಗಬಾರದೆಂದು ಬಾಯಿ ಕಟ್ಟಿಕೊಂಡು ಕೂತ ಮನೆಗಿಂತ ಬಾಯಿಗೆ ಬಂದಂತೆ ಜಗಳವಾಡುವ ಮನೆ ಎಷ್ಟೋ ವಾಸಿ ಎಂದು ನನಗನ್ನಿಸುತ್ತದೆ.

ಆ ವಾರದ ಕೊನೆಗೆ ಬೆಲ್ಲಾ ಫೋನ್ ಮಾಡಿದಳು. ಅವಳ ದನಿಯಲ್ಲಿ ಕಪಟವಿರಲಿಲ್ಲ. "ನೆಟ್ಟಾ, ಗಿಬ್ ಹೇಳಿದ ಹಾಗೆ ನಾಲ್ಕು ಗಜ ಅಳೆದು ಗುರುತು ಹಾಕಿದೀನಿ ಕಣೇ. ಉಳಿದಿದ್ದನ್ನ ಏನ್ಮಾಡ್ಲಿ ಅಂತ ಕೇಳೋಕೆ."

"ನಾಲ್ಕು ಗಜಾನಾ?"

"ಪೆಟ್ಟಿಗೆ ನೆರಿಗೆ ಅಂದ್ನಲ್ಲ. ಮೊನ್ನೆ ಫೋನ್ ಮಾಡಿದ್ದ. ನಿಂಗೆ ಗೊತ್ತಿಲ್ವಾ?"

ಗಿಬ್ ಮಹಡಿಯ ಮೇಲೆ ನಿದ್ದೆ ಮಾಡುತ್ತಿದ್ದ. ನೆಟ್ಟಾ ಕೋಟು ಹಾಕಿಕೊಳ್ಳದೆಯೇ ಬೀದಿಗಿಳಿದಳು. ಕಡಲ ಗಾಳಿ ತುಂತುರು ಹೊತ್ತು ಮುಖಕ್ಕೆ ಹೊಡೆಯುತ್ತಿತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೂವತ್ತು ಚಿಲ್ಲರೆ ವರ್ಷ ಒಂದು ಅಂಗಿಯ ಬಣ್ಣವನ್ನೂ ತಾನಾಗಿ ಆರಿಸದ ಮನುಷ್ಯ, ಕದ್ದುಮುಚ್ಚಿ ಫೋನ್ ಮಾಡಿ ಇದನ್ನು ಆರಿಸಿದ್ದಾನೆ. ಚಪ್ಪಟೆಯಾಗಿ ಮಲಗಲು ಅನುಕೂಲವಾದದ್ದನ್ನು. ಕೈಚೆಲ್ಲಿದ್ದಾನೆ. ತನ್ನನ್ನು ಒಂದು ಮಾತೂ ಕೇಳದೆ ಕೈಚೆಲ್ಲಿ ಕೂತಿದ್ದಾನೆ. ದಾರಿಯುದ್ದಕ್ಕೂ ಇದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಬೇರೆ ಅರ್ಥವೂ ಇರಬಹುದು, ಅವನನ್ನೇ ಕೇಳೋಣ ಎಂದು ಹೊಳೆಯಲೇ ಇಲ್ಲ. ಆ ಶಬ್ದ ಕೇಳಿದ ಕೂಡಲೇ ಅವಳ ಕಿವಿ ಮುಚ್ಚಿಹೋಗಿತ್ತು.

ಅಂಗಡಿಯಲ್ಲಿ ಬಟ್ಟೆ ಮೇಜಿನ ಮೇಲಿತ್ತು, ಸೀಮೆಸುಣ್ಣದ ಗುರುತು ಬಿದ್ದಿತ್ತು, ಕತ್ತರಿ ಇನ್ನೂ ಗೋಡೆಯ ಮೊಳೆಯಲ್ಲೇ ಇತ್ತು.

"ಅವನು ಮನಸ್ಸು ಬದಲಾಯಿಸಿದ" ಎಂದಳು ನೆಟ್ಟಾ. "ಚೌಕುಳಿ. ಎಂಟು ಗಜಾನೂ. ಹೇಳಿ ಬಾ ಅಂತ ನನ್ನ ಕಳಿಸಿದ."

ಬೆಲ್ಲಾ ಅವಳ ಒದ್ದೆ ಕೂದಲನ್ನೂ ಬರಿ ತೋಳುಗಳನ್ನೂ ನೋಡಿದಳು. "ಗಿಬ್ಬೇ ಹೇಳಿದ್ನಾ?"

"ನಾನೇನು ಸುಳ್ಳು ಹೇಳ್ತೀನಾ?"

"ಹಾಗಲ್ವೇ. ಚೌಕುಳಿ ಅಂದ್ರೆ ಒಂದೊಂದು ಮಡಿಕೇನೂ ಕೈಯಲ್ಲಿ ಕೂಡಿಸಬೇಕು. ವಾರಗಟ್ಟಲೆ ಹಿಡಿಯುತ್ತೆ. ಮಡಚಿ ಒಳಗಿನ ಬಟ್ಟೆ ಕತ್ತರಿಸಿಬಿಟ್ರೆ, ಆಮೇಲೆ ಬೇರೆ ನೆರಿಗೆ ಮಾಡು ಅಂದ್ರೆ ಆ ದೇವರ ಕೈಲೂ ಆಗಲ್ಲ."

"ಮೇ ತಿಂಗಳಿಗೆ ಇನ್ನೂ ಬೇಕಾದಷ್ಟು ಟೈಮಿದೆ" ಎಂದಳು ನೆಟ್ಟಾ.

ಬೆಲ್ಲಾ ಮೇಜಿನತ್ತ ತಿರುಗಿದಳು. ಒದ್ದೆ ಬಟ್ಟೆಯಿಂದ ಸೀಮೆಸುಣ್ಣದ ಗುರುತನ್ನು ಒರೆಸಿದಳು.

ಆಮೇಲಿನ ದಿನಗಳಲ್ಲಿ ನೆಟ್ಟಾ ಗೆಲುವಾಗಿದ್ದಳು. ಗಂಡನ ಮೇಲಿನ ಸಿಟ್ಟನ್ನು ನುಂಗಿಕೊಂಡಳು. ಬಾಯಿಬಿಟ್ಟರೆ ತನ್ನ ಸುಳ್ಳೂ ಹೊರಬೀಳುತ್ತಿತ್ತು. ಅವನ ಮನಸ್ಸನ್ನು ನಿಧಾನವಾಗಿ ತಿರುಗಿಸಿದರಾಯಿತು ಎಂದುಕೊಂಡಳು. ಮೊಟ್ಟೆ ಒಡೆದು ಹಾಲಿಗೆ ಹಾಕಿ ಕುಡಿಸಿದಳು. ಬೆಳಿಗ್ಗೆ ಕಿಟಕಿಯ ಬಳಿ ಕುರ್ಚಿ ಹಾಕಿ ಕೂರಿಸಿದಳು. ಫೆಬ್ರವರಿಯ ಮೊದಲಲ್ಲಿ ಅವನು ಅಲ್ಲಿ ಗಂಟೆಗಟ್ಟಲೆ ಕೂತು ಬಂದರಿಗೆ ಬರುವ ದೋಣಿಗಳ ಸದ್ದು ಕೇಳಿ, ಯಾವುದರ ಇಂಜಿನ್ನಿಗೆ ಏನು ಕಾಯಿಲೆ ಎಂದು ಹೇಳುತ್ತಿದ್ದ. ತಿಂಗಳ ಕೊನೆಗೆ ಕುರ್ಚಿಯಲ್ಲಿ ಕೂರಿಸಿದರೆ ಪಕ್ಕಕ್ಕೆ ವಾಲತೊಡಗಿದ. ನಡುನಡುವೆ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಬೆಲ್ಲಾ ಇನ್ನೂ ತಂದಿಲ್ವಾ? ಬೇಗ ಆಗುತ್ತೆ ಅಂದಿದ್ಳಲ್ಲ."

"ಒಳ್ಳೆ ಕೆಲಸಕ್ಕೆ ಅವಸರ ಮಾಡ್ಬಾರ್ದು."

"ನೀನೊಂದ್ಸಲ ಫೋನ್ ಮಾಡೇ. ಈ ವಾರಾನಾದ್ರೂ ಆಗುತ್ತಾ ಕೇಳು."

ಅವನ ಈ ಕಾತರ ನೆಟ್ಟಾಳಿಗೆ ಹೊಸ ಬಲ ಕೊಟ್ಟಿತು. ಬಟ್ಟೆಯ ಮೇಲೆ ಆಸೆ ಹುಟ್ಟಿದೆ ಅಂದರೆ ಬದುಕಿನ ಮೇಲೂ ಆಸೆ ಹುಟ್ಟಿದೆ ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡಳು. ಬೆಲ್ಲಾಳಿಗೆ ಫೋನ್ ಮಾಡಲಿಲ್ಲ. ಮಾಡಿದೆ, ಆಗುತ್ತಂತೆ ಎಂದು ಅವನಿಗೆ ಹೇಳಿದಳು.

ಮಾರ್ಚಿನ ಒಂದು ಗುರುವಾರ ಮಧ್ಯಾಹ್ನ ಬೆಲ್ಲಾ ಕಿಲ್ಟನ್ನು ಎರಡೂ ತೋಳುಗಳ ಮೇಲೆ ಮಲಗಿಸಿಕೊಂಡು ಬಂದಳು. ಅದನ್ನು ಹಾಗೆಯೇ ತರಬೇಕು, ಅಷ್ಟು ಭಾರ. ಗಿಬ್ ಹಾಸಿಗೆಯ ಅಂಚಿನಲ್ಲಿ, ನೆಟ್ಟಾಳ ಭುಜಕ್ಕೆ ಒರಗಿ ಕೂತಿದ್ದ. ಅವನ ಕಣ್ಣು ಅರಳಿತು.

"ಬಂತಾ? ಕೊಡು ಇಲ್ಲಿ."

ಬೆಲ್ಲಾ ಅದನ್ನು ಅವನ ತೊಡೆಯ ಮೇಲಿಟ್ಟು, ಅಳತೆ ಸರಿಮಾಡಲೆಂದು ಭುಜದ ಚೀಲದಿಂದ ಗುಂಡುಪಿನ್ನಿನ ಡಬ್ಬಿ ತೆಗೆದಿಟ್ಟಳು. ಗಿಬ್ ಅಂಗೈಯನ್ನು ಬಟ್ಟೆಯ ಅಡಿಗೆ ತೂರಿಸಿ ಎತ್ತಲು ನೋಡಿದ. ಆಗಲಿಲ್ಲ. ಬೆರಳುಗಳು ಹಿಂಭಾಗಕ್ಕೆ ಹೋದವು. ಒಂದರ ಪಕ್ಕ ಒಂದು, ಕಿರಿದಾದ ಮಡಿಕೆಗಳು. ಅವನು ಒಂದು ಮಡಿಕೆಯನ್ನು ತೆರೆದು ನೋಡಿದ, ಇನ್ನೊಂದನ್ನು ತೆರೆದ.

"ಇದು ಚೌಕುಳಿ."

"ಹೂಂ" ಎಂದಳು ಬೆಲ್ಲಾ.

"ನಾನು ಪೆಟ್ಟಿಗೆ ಅಂದಿದ್ದೆ ಬೆಲ್ಲಾ."

ಬೆಲ್ಲಾ ನೆಟ್ಟಾಳನ್ನು ನೋಡಿದಳು. ನೆಟ್ಟಾ ನೆಲ ನೋಡಿದಳು. ಬೆಲ್ಲಾ ಗುಂಡುಪಿನ್ನಿನ ಡಬ್ಬಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, "ನಾನು ಕೆಳಗೆ ಇರ್ತೀನಿ" ಎಂದು ಹೊರಟಳು. ಕೆಳಗೆ ಇರಲಿಲ್ಲ, ಬೀದಿಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು.

"ನಾನೇ ಹೇಳಿದ್ದು" ಎಂದಳು ನೆಟ್ಟಾ. ಒಮ್ಮೆ ಹೊರಟ ಮಾತು ನಿಲ್ಲಲಿಲ್ಲ. "ಏನ್ಮಾಡ್ಲಿ ಮತ್ತೆ? ನೀನು ನನಗೆ ಗೊತ್ತಿಲ್ಲದ ಹಾಗೆ ಸಾಯೋಕೆ ಬಟ್ಟೆ ಹೊಲಿಸ್ತಿದ್ರೆ ನಾನು ನೋಡ್ಕೊಂಡು ಕೂತಿರ್ಬೇಕಾ? ಚಪ್ಪಟೆ ಮಲಗೋಕೆ! ನನ್ನ ಬಿಟ್ಟು ಹೋಗೋಕೆ ಅಷ್ಟು ಅವಸರಾನಾ ನಿಂಗೆ?"

ಗಿಬ್ ಕಿಲ್ಟಿನಿಂದ ತಲೆಯೆತ್ತಿದ. ಅವನಿಗೆ ಅರ್ಥವಾಗಲು ಸಮಯ ಹಿಡಿಯಿತು.

"ಮಲಗೋಕಲ್ವೇ" ಎಂದ. "ಕೂರೋಕೆ."

"ಏನು?"

"ಕೂರೋಕೆ ಕಣೇ. ರೋನಾ ಫೋನಲ್ಲಿ ಹೇಳಿದ್ದು ನನಗೂ ತಿಳೀತು. ಮನೇಲೇ ಮಾಡ್ಕೋತೀನಿ, ಅಪ್ಪ ಕುರ್ಚೀಲಿ ಕೂತಿದ್ರೂ ಸಾಕು ಅಂದ್ಳಂತಲ್ಲ, ನೀನು ರೇಗಿದ್ದು ಕೇಳೇ ಗೊತ್ತಾಯ್ತು. ಎಂಟು ಗಜ ಬೆನ್ನಿಗೆ ಕಟ್ಕೊಂಡು ಕುರ್ಚೀಲಿ ಕೂರೋಕೆ ನನ್ನ ಕೈಲಾಗಲ್ಲ, ಈ ಮೂಳೆಗಳು ಬಿಡಲ್ಲ. ಪೆಟ್ಟಿಗೆ ನೆರಿಗೆ ಆದ್ರೆ ಹಗುರ, ಒತ್ತಲ್ಲ, ಬೇಗ ಆಗುತ್ತೆ ಅಂದ್ಳಲ್ಲ ಬೆಲ್ಲಾ. ಕಿಲ್ಟು ಕೈಗೆ ಬಂದ ದಿನವೇ ರೋನಾಗೆ ಫೋನ್ ಮಾಡಿ, ಶನಿವಾರ ಹುಡುಗನ್ನ ಕರ್ಕೊಂಡು ಬಾ ಅನ್ನೋಣ ಅಂತಿದ್ದೆ." ಉಸಿರು ಸಾಲದೆ ನಿಲ್ಲಿಸಿದ. "ಉಟ್ಕೊಂಡು ಕೂತ್ಬಿಟ್ಟಿದ್ರೆ ನೀನೂ ಇಲ್ಲ ಅಂತಿರ್ಲಿಲ್ಲ."

ನೆಟ್ಟಾ ದಡಬಡಿಸಿ ಎದ್ದಳು. "ಈಗ ಮಾಡ್ತೀನಿ ಫೋನು. ಈಗ್ಲೇ. ನಾಳೇನೇ ಬರ್ತಾರೆ. ನಾಡಿದ್ದು ಶನಿವಾರ ತಾನೇ, ನಾಡಿದ್ದೇ ಮಾಡೋಣ ಗಿಬ್."

ಆಧಾರ ತಪ್ಪಿದ ಗಿಬ್ ಪಕ್ಕಕ್ಕೆ ಉರುಳಿದ. ಅವಳು ಹಿಡಿದುಕೊಂಡು ದಿಂಬಿಗೆ ಒರಗಿಸಿದಳು. ಅವನ ಮುಖ ಬೆವತಿತ್ತು.

"ನೋಡಿದ್ಯಲ್ಲ" ಎಂದ. "ಹೋದ ತಿಂಗಳು ಕೂರ್ತಿದ್ದೆ. ಈಗ ಈ ಮೋರೆ ಹೊತ್ಕೊಂಡು ಮದುವೆ ಫೋಟೋಗೆ ಬಂದ್ರೆ ಬೀಗರು ಹೆದರಿ ಓಡ್ತಾರೆ. ಬಿಡು. ಬೆಳಿಗ್ಗೆ ನೋಡೋಣ. ಈಗ ಸ್ವಲ್ಪ ಮಲಗ್ತೀನಿ."

ಅವಳು ಕಿಲ್ಟನ್ನು ಎತ್ತಿ ಕುರ್ಚಿಯ ಮೇಲಿಟ್ಟಳು. ಅವನ ಕಾಲ ಬಳಿ ಕೂತು ಕ್ಷಮಿಸು ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ ಅವಳಿಗೆ ಇವತ್ತಿಗೂ ತಿಳಿಯದು. ಬೆಳಿಗ್ಗೆ ಅವನು ಕಣ್ಣು ತೆರೆದನಾದರೂ ಯಾರನ್ನೂ ಗುರುತು ಹಿಡಿಯಲಿಲ್ಲ. ಸಂಜೆ ರೋನಾ ಬಂದು ಅಪ್ಪಾ ಅಪ್ಪಾ ಎಂದು ಕೂಗಿದ್ದಕ್ಕೆ ಗೋಡೆಯ ಕಡೆ ತಿರುಗಿದ. ಶನಿವಾರ ಮಧ್ಯಾಹ್ನ ತೀರಿಕೊಂಡ.

ಅಂತ್ಯಸಂಸ್ಕಾರದ ಕೆಲಸದವರು ಇಬ್ಬರು, ಅಣ್ಣ ತಮ್ಮ. ಗಿಬ್‌ಗೆ ಬಿಳಿ ಅಂಗಿ, ಕಪ್ಪು ಕೋಟು, ಉಣ್ಣೆಯ ಕಾಲುಚೀಲ ಹಾಕಿ ಆಗಿತ್ತು. ಅಣ್ಣ ಕಿಲ್ಟನ್ನು ಕೈಯಲ್ಲಿ ತೂಗಿ ನೋಡಿ ತಡೆದ. ದುಃಖದಲ್ಲಿದ್ದವರ ಜೊತೆ ಮಾತಾಡಿ ಪಳಗಿದವನು.

"ಮಿಸೆಸ್ ಮೇರ್, ಇದನ್ನ ಮೇಲಿಂದ ಹೊದಿಸಿಬಿಡ್ತೀವಿ, ಎದುರಿಗೆ ಕಾಣೋಷ್ಟು. ಸಾಮಾನ್ಯವಾಗಿ ಹಾಗೇ ಮಾಡೋದು. ಇಷ್ಟೊಂದು ನೆರಿಗೆ ಕೆಳಗೆ ಸಿಕ್ಕಿದ್ರೆ ಸೊಂಟ ಎತ್ತರ ಆಗುತ್ತೆ, ಸರಿಯಾಗಿ ಕೂರಲ್ಲ. ಹಿಂದುಗಡೆ ಹೇಗೂ ಯಾರೂ ನೋಡಲ್ಲವಲ್ಲ."

"ಉಡಿಸಿ" ಎಂದಳು ನೆಟ್ಟಾ. "ಸರಿಯಾಗಿ ಉಡಿಸಿ."

ಉಡಿಸಿದರು. ಕಿಲ್ಟಿನ ತೊಗಲು ಪಟ್ಟಿಗಳನ್ನು ಕೊನೆಯ ತೂತಿನವರೆಗೆ ಎಳೆದರೂ ಸೊಂಟದಲ್ಲಿ ಸಡಿಲವೇ ಉಳಿಯಿತು. ಆಮೇಲೆ ನೆಟ್ಟಾ, "ಒಂದ್ಸಲ ಮಗ್ಗುಲಿಗೆ ತಿರುಗಿಸ್ತೀರಾ?" ಎಂದು ಕೇಳಿದಳು. ಅಣ್ಣ ತಮ್ಮ ಮುಖ ಮುಖ ನೋಡಿಕೊಂಡರು. ಒಬ್ಬ ಭುಜ ಹಿಡಿದ, ಇನ್ನೊಬ್ಬ ಮಂಡಿ ಹಿಡಿದ, ಗಿಬ್‌ನನ್ನು ಗೋಡೆಯ ಕಡೆಗೆ ತಿರುಗಿಸಿ ಹಿಡಿದರು.

ಬೆಲ್ಲಾ ಸುಳ್ಳು ಹೇಳಿರಲಿಲ್ಲ. ಎಂಟು ಗಜ ಬಟ್ಟೆ ಮಡಚಿದ್ದು ಎಲ್ಲೂ ಗೊತ್ತಾಗುತ್ತಿರಲಿಲ್ಲ. ಹಸಿರು ಹಸಿರಿಗೆ, ನೀಲಿ ನೀಲಿಗೆ ಕೂಡಿ, ಹಳದಿ ಗೆರೆ ಒಂದು ಕಡೆಯೂ ಮುರಿಯದೆ ಸೊಂಟದ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಅಷ್ಟು ಅಂದವಾದ ಬೆನ್ನನ್ನು ನೆಟ್ಟಾ ಯಾವ ಗಂಡಸಿನ ಮೇಲೂ ಕಂಡಿರಲಿಲ್ಲ. ಪಕ್ಕದಲ್ಲಿ ನಿಂತ ರೋನಾ ಅಮ್ಮನ ತೋಳು ಹಿಡಿದು ಬಿಕ್ಕಿದಳು.

"ಎಷ್ಟು ಚೆನ್ನಾಗಿದೆ ಅಮ್ಮಾ. ಮೇ ತಿಂಗಳಿಗೆ ಅಂತಾನೇ ಆರಿಸಿದ್ನಲ್ವಾ? ನಾನು ಸುಮ್ನೆ ಅವಸರ ಮಾಡಿದೆ. ಅವನಿಗೂ ಚರ್ಚಲ್ಲೇ ನಡೀಬೇಕು ಅಂತಿತ್ತಲ್ವಾ?"

ಗುರುವಾರದ ಮಾತುಗಳೆಲ್ಲ ನೆಟ್ಟಾಳ ನಾಲಿಗೆಯ ತುದಿಗೆ ಬಂದವು. ಹೇಳಿದರೆ ಈ ಹುಡುಗಿ ಅಪ್ಪನ ಎದುರು ಆಗಬಹುದಾಗಿದ್ದ, ಕೈತಪ್ಪಿದ ಒಂದು ಮದುವೆಯ ದಿನವನ್ನು ಸಾಯುವವರೆಗೂ ಹೊರಬೇಕು. ಹೇಳದಿದ್ದರೆ ತಾನು ಹೊರಬೇಕು, ಒಬ್ಬಳೇ.

"ಹೂಂ" ಎಂದಳು. "ಅವನೇ ಆರಿಸಿದ್ದು."

ಅಣ್ಣ ತಮ್ಮಂದಿರು ಇನ್ನೂ ಹಿಡಿದುಕೊಂಡೇ ನಿಂತಿದ್ದರು. ಭಾರಕ್ಕೆ ತಮ್ಮನ ತೋಳು ನಡುಗುತ್ತಿತ್ತು.

"ಸಾಕು" ಎಂದಳು ನೆಟ್ಟಾ ಅವರಿಗೆ. "ಇನ್ನು ಮಲಗಿಸಿಬಿಡಿ."